ಗೆಳತಿಯೊಡನೆ ಕಾರು ಪ್ರವಾಸ: ಮೊದಲ ಮೂರು ದಿನದ ಪಾಠಗಳು

ಕಾರಿನಲ್ಲಿ ದೂರ ಹೊರಡುವವರು ಗಾಡಿ ಹೇಗಿದೆ, ರಸ್ತೆ ಹೇಗಿದೆ, ರೂಮು ಎಲ್ಲಿ ಸಿಗುತ್ತದೆ ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಪಕ್ಕದ ಸೀಟಿನಲ್ಲಿ ಕೂರುವವರ ಜೊತೆ ಮಾತ್ರ ಏನನ್ನೂ ಮಾತಾಡಿಕೊಂಡಿರುವುದಿಲ್ಲ. ಹಳೆಯ ಗೆಳೆತನ, ಎಲ್ಲ ಗೊತ್ತೇ ಇದೆ ಎಂಬ ಭರವಸೆ. ಆದರೆ ವಾರಕ್ಕೊಮ್ಮೆ ಕಾಫಿಗೆ ಸೇರುವ ಗೆಳೆತನವೇ ಬೇರೆ, ಬೆಳಗಿನಿಂದ ರಾತ್ರಿವರೆಗೆ ಒಂದೇ ಕಾರು, ಒಂದೇ ರೂಮು ಹಂಚಿಕೊಳ್ಳುವ ಗೆಳೆತನವೇ ಬೇರೆ. ಪ್ರವಾಸದ ಹದ ಮೊದಲ ಮೂರು ದಿನದಲ್ಲೇ ನಿಲ್ಲುತ್ತದೆ. ಆಗ ಬಿದ್ದ ರೂಢಿಯೇ ಕೊನೆಯ ದಿನದವರೆಗೂ ನಡೆಯುತ್ತದೆ.

ಕಾಲೇಜಿನ ಗೆಳತಿಯ ಜೊತೆ ನಾನು ಹೆಚ್ಚು ಓಡಾಡಿರುವುದು ಉತ್ತರ ಕರ್ನಾಟಕದ ಕಡೆಗೆ. ಬೆಂಗಳೂರಿನಿಂದ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಹೆದ್ದಾರಿ 50 ಹಿಡಿದು ಹೊಸಪೇಟೆ, ನಡುವೆ ಪಕ್ಕಕ್ಕೆ ತಿರುಗಿ ಬಾದಾಮಿ, ಮುಂದೆ ವಿಜಯಪುರ, ಬೀದರ್. ಆ ದಾರಿ ಕಲಿಸಿದ ಪಾಠಗಳು ಇವು.

1. ಹಣದ ಮಾತು ಮನೆಯಲ್ಲೇ ಮುಗಿಯಲಿ

ಮೊದಲ ಟೋಲ್ ದಾಟುವ ಮೊದಲೇ ಲೆಕ್ಕ ಹೇಗೆ ಎಂದು ತೀರ್ಮಾನವಾಗಿರಬೇಕು. ನಾವು ಮಾಡುವುದು ಇಷ್ಟು: ಇಬ್ಬರೂ ಸಮವಾಗಿ ಹಣ ಹಾಕಿ ಒಂದು ಪರ್ಸು ಮಾಡುತ್ತೇವೆ. ಪೆಟ್ರೋಲು, ಟೋಲ್, ರೂಮು, ಊಟ, ಟಿಕೆಟ್ಟು, ಗೈಡಿನ ದುಡ್ಡು ಎಲ್ಲ ಅದರಿಂದ. ಖಾಲಿಯಾದರೆ ಮತ್ತೆ ಸಮವಾಗಿ ತುಂಬುವುದು. ಇಳಕಲ್ಲಿನಲ್ಲಿ ಕೊಂಡ ಸೀರೆ, ಬೀದರಿನಲ್ಲಿ ಕೊಂಡ ಬಿದರಿ ಡಬ್ಬಿ ಅವರವರ ಸ್ವಂತ ಖರ್ಚು. ಫಾಸ್ಟ್ಯಾಗ್ ಗಾಡಿಯ ಒಡತಿಯ ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ ಆ ಮೊತ್ತವನ್ನು ಪ್ರತಿ ರಾತ್ರಿ ಬರೆದಿಡಬೇಕು. ಇಲ್ಲವಾದರೆ ಅದು ಮರೆತುಹೋಗುತ್ತದೆ, ಕಳೆದುಕೊಂಡವಳು ಕೇಳಲೂ ಹಿಂಜರಿಯುತ್ತಾಳೆ.

ರೂಮಿಗೆ ಎಷ್ಟು ಕೊಡಬಹುದು ಎಂಬುದನ್ನೂ ಬಾಯಿ ಬಿಟ್ಟು ಹೇಳಿಕೊಳ್ಳಿ. ಇಬ್ಬರ ಸಂಬಳ ಒಂದೇ ಅಲ್ಲ, ಮನೆಯ ಜವಾಬ್ದಾರಿಯೂ ಒಂದೇ ಅಲ್ಲ. ಕಡಿಮೆ ಖರ್ಚು ಮಾಡಬಲ್ಲವಳ ಮಿತಿಯೇ ಪ್ರವಾಸದ ಮಿತಿಯಾಗಬೇಕು. ಹಾಗಿದ್ದಾಗ ಯಾರಿಗೂ ಮುಜುಗರವಿಲ್ಲ.

2. ಗಾಡಿಯನ್ನು ಇಬ್ಬರೂ ಸೇರಿ ನೋಡಿ

ಕಾರು ಒಬ್ಬಳದಾದರೂ ಅದರ ಪರಿಚಯ ಇಬ್ಬರಿಗೂ ಇರಬೇಕು. ಹೊರಡುವ ಹಿಂದಿನ ದಿನ ಇಬ್ಬರೂ ನಿಂತು ಸ್ಟೆಪ್ನಿ, ಜಾಕ್, ಪಾನಾ ಎಲ್ಲಿವೆ ಎಂದು ನೋಡಿ, ಒಮ್ಮೆ ಚಕ್ರ ಬಿಚ್ಚಿ ಹಾಕಿ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗಲೇ ಅಳೆಯಬೇಕು. ಎಷ್ಟಿರಬೇಕೆಂಬ ಪಟ್ಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಲಗೇಜು ತುಂಬಿದಾಗ ಎಷ್ಟು ಎಂಬುದನ್ನೂ ಅದರಲ್ಲೇ ಕೊಟ್ಟಿರುತ್ತಾರೆ. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಬಿಸಿಯೇರಿ ಸಿಡಿಯುವ ಅಪಾಯ ಹೆಚ್ಚು. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಯನ್ನೂ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲೆ ಹೊಸದಾಗಿ ಕಂಡರೂ ಹಳೆಯ ರಬ್ಬರು ಬಿರುಕು ಬಿಟ್ಟಿರಬಹುದು.

ಇಬ್ಬರ ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ ಇಬ್ಬರ ಫೋನಿನಲ್ಲೂ ಇರಲಿ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಹೆದ್ದಾರಿಯ ಸಹಾಯಕ್ಕೆ 1033, ಯಾವುದೇ ತುರ್ತಿಗೆ 112. ಈ ಎರಡು ನಂಬರು ಫೋನಿನಲ್ಲಷ್ಟೇ ಅಲ್ಲ, ತಲೆಯಲ್ಲೂ ಇರಬೇಕು.

3. ಮೊದಲ ದಿನ ಕಡಿಮೆ ಓಡಿಸಿ

ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್. ಒಂದೇ ದಿನದಲ್ಲಿ ಮುಟ್ಟಬಹುದು. ಆದರೂ ಮೊದಲ ದಿನ ಚಿತ್ರದುರ್ಗದಲ್ಲೇ ಉಳಿಯಿರಿ ಎನ್ನುತ್ತೇನೆ. ಹೊರಡುವ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಸರಿಯಾಗಿರುವುದಿಲ್ಲ. ಮನೆಯವರಿಗೆ ಅಡುಗೆ ಮಾಡಿಟ್ಟು, ಆಫೀಸಿನ ಕೆಲಸ ಒಪ್ಪಿಸಿ, ಬಟ್ಟೆ ತುಂಬಿ ಹೊರಡುವಾಗಲೇ ಅರ್ಧ ಸುಸ್ತು. ನೆಲಮಂಗಲ ದಾಟುವುದರಲ್ಲಿ ಇನ್ನರ್ಧ.

ಬೆಳಗ್ಗೆ ಆರಕ್ಕೆ ಮುಂಚೆ ಊರು ಬಿಟ್ಟರೆ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ಸಿಗುತ್ತದೆ. ಶಿರಾ, ಹಿರಿಯೂರು ದಾಟಿ ಊಟದ ಹೊತ್ತಿಗೆ ಚಿತ್ರದುರ್ಗ. ಬಿಸಿಲು ಇಳಿದ ಮೇಲೆ ಕೋಟೆ ಹತ್ತಿ. ಒಂದರ ಹಿಂದೊಂದು ಬಾಗಿಲು, ಬಂಡೆಗಳ ನಡುವೆ ತಿರುಗುವ ದಾರಿ, ಒನಕೆ ಓಬವ್ವನ ಕಿಂಡಿ, ಅಕ್ಕತಂಗಿಯರ ಹೊಂಡ. ಕೂತು ಕೂತು ಮರಗಟ್ಟಿದ ಕಾಲಿಗೆ ಆ ಹತ್ತುವಿಕೆಯೇ ಔಷಧ. ಹತ್ತುವಾಗಲೇ ಜೊತೆಯವಳ ನಡಿಗೆ ಎಷ್ಟು, ಎಲ್ಲಿ ದಣಿಯುತ್ತಾಳೆ, ಮಂಡಿ ಹೇಗಿದೆ ಎಂಬುದೂ ತಿಳಿಯುತ್ತದೆ. ಮುಂದಿನ ದಿನಗಳ ಯೋಜನೆ ಆ ನಡಿಗೆಗೆ ತಕ್ಕಂತೆ ಇರಬೇಕು.

4. ಪಕ್ಕದ ಸೀಟಿಗೂ ಕೆಲಸವಿದೆ

ಡ್ರೈವ್ ಮಾಡದವಳು ಬರೀ ಪ್ರಯಾಣಿಕಳಲ್ಲ. ಮ್ಯಾಪ್ ನೋಡುವುದು, ಫೋನು ಎತ್ತುವುದು, ನೀರು ಕೊಡುವುದು, ಮುಂದಿನ ತಿರುವನ್ನು ಹೊತ್ತಿಗೆ ಮುಂಚೆ ಹೇಳುವುದು ಅವಳ ಪಾಲು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಓಡಿಸುವವಳು ಫೋನಿನತ್ತ ಎರಡು ಸೆಕೆಂಡು ನೋಡಿದರೂ ಅದರ ಎರಡು ಪಟ್ಟು ದೂರ ಕಣ್ಣು ಮುಚ್ಚಿ ಓಡಿಸಿದ ಲೆಕ್ಕ.

ಎರಡು ಗಂಟೆಗೊಮ್ಮೆ ಸ್ಟೀರಿಂಗ್ ಬದಲಾಗಲಿ. ದಣಿವಿಲ್ಲದಿದ್ದರೂ ಬದಲಾಗಲಿ, ಏಕೆಂದರೆ ದಣಿದವರು ತಾವು ದಣಿದಿದ್ದೇವೆಂದು ಒಪ್ಪುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ದೇಹ ತಾನಾಗಿ ಜಡವಾಗುವ ಹೊತ್ತು. ಶಿರಾದಿಂದ ಹಿರಿಯೂರಿನ ಕಡೆಗೆ ಹೋಗುವಂಥ ನೇರ ರಸ್ತೆಯಲ್ಲಿ ಆಗ ಕಣ್ಣು ಎಳೆಯುತ್ತದೆ. ಪಕ್ಕದವಳು ಮಲಗಬಾರದು. ಇಬ್ಬರಿಗೂ ನಿದ್ದೆ ಬಂದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ಚಹಾ, ಹಾಡು, ಮುಖಕ್ಕೆ ನೀರು ಯಾವುದೂ ನಿದ್ದೆಗೆ ಬದಲಿಯಲ್ಲ.

ಓಡಿಸುವವಳ ತಪ್ಪು ಎತ್ತಿ ಆಡುವ ಚಾಳಿ ಬೇಡ. ಆದರೆ ಭಯವಾದರೆ ಸುಮ್ಮನಿರಲೂ ಬೇಡ. "ಸ್ವಲ್ಪ ನಿಧಾನ ಕಣೇ, ನಂಗೆ ಭಯ ಆಗ್ತಿದೆ" ಎಂದರೆ ಮರುಮಾತಿಲ್ಲದೆ ವೇಗ ತಗ್ಗಬೇಕು. ಇದು ನಮ್ಮಿಬ್ಬರ ನಡುವಿನ ಕಟ್ಟುನಿಟ್ಟಾದ ಕಟ್ಟಳೆ.

5. ಕತ್ತಲಾಗುವ ಮೊದಲು ಊರು ಸೇರಿ

ಉತ್ತರ ಕರ್ನಾಟಕದ ರಸ್ತೆಗಳಲ್ಲಿ ರಾತ್ರಿಯ ಅಪಾಯ ಲಾರಿಗಳಿಂದಷ್ಟೇ ಅಲ್ಲ. ಚಳಿಗಾಲ ಕಬ್ಬು ಕಡಿಯುವ ಕಾಲ. ಬಾಗಲಕೋಟೆ, ವಿಜಯಪುರದ ಕಡೆ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುತ್ತವೆ. ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿಲ್ಲ, ಪ್ರತಿಫಲಕವೂ ಇಲ್ಲ. ಕಬ್ಬಿನ ತುದಿ ಹೊರಚಾಚಿರುತ್ತದೆ. ಎದುರಿನ ಗಾಡಿಯ ಹೈ ಬೀಮ್ ಕಣ್ಣು ಕುಕ್ಕುವಾಗ ಅದು ಕಾಣುವುದು ತೀರ ಹತ್ತಿರ ಹೋದ ಮೇಲೆ.

ಸುಗ್ಗಿಯಲ್ಲಿ ಒಳರಸ್ತೆಗಳ ಮೇಲೆ ಜೋಳ, ತೊಗರಿ, ಕಡಲೆ ಹರವಿ ಒಕ್ಕಣೆ ಮಾಡುತ್ತಾರೆ. ಒಣ ದಂಟಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ಸೈಲೆನ್ಸರಿಗೆ ಸಿಕ್ಕಿಕೊಂಡ ಹೊಟ್ಟಿಗೆ ಬೆಂಕಿ ಹತ್ತುವುದೂ ಉಂಟು. ಹಗಲಾದರೆ ದೂರದಿಂದಲೇ ಕಂಡು ಬದಿಯಲ್ಲಿ ಹೋಗಬಹುದು. ಕುರಿ ಮಂದೆ, ಬಣ್ಣವಿಲ್ಲದ ಹಂಪು, ಮನೆಗೆ ಮರಳುವ ಎತ್ತಿನ ಬಂಡಿ ಇವಕ್ಕೂ ಇದೇ ಮಾತು. ಸಂಜೆ ಆರಕ್ಕೆ ರೂಮು ಸೇರಿರಬೇಕು. ಹೆಂಗಸರಿಬ್ಬರೇ ಇದ್ದಾಗ ಮಾತ್ರವಲ್ಲ, ಎಲ್ಲರಿಗೂ ಇದು ಅನ್ವಯ.

6. ಒಂದು ದಿನಕ್ಕೆ ಒಂದೇ ದೊಡ್ಡ ಜಾಗ

ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಎರಡು ದಿನದಲ್ಲಿ ಓಡಿ ಮುಗಿಸುವವರಿದ್ದಾರೆ. ಹಾಗೆ ನೋಡಿದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ, ಜೊತೆಯವರ ಮೇಲೆ ಸಿಡುಕು ಮಾತ್ರ ಉಳಿಯುತ್ತದೆ. ಹಂಪಿಯಲ್ಲಿ ಬೆಳಗ್ಗೆ ವಿರೂಪಾಕ್ಷನ ಗುಡಿಯಿಂದ ತುಂಗಭದ್ರೆಯ ದಡ ಹಿಡಿದು ವಿಜಯವಿಠ್ಠಲ ಗುಡಿಗೆ ನಡೆದುಹೋಗಿ. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ. ಆಗ ರೂಮಿಗೆ ಮರಳಿ, ಸಂಜೆ ಮಹಾನವಮಿ ದಿಬ್ಬ, ಕಮಲ ಮಹಲು, ಆನೆ ಲಾಯ ನೋಡಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಥಳೀಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಕಮಲಾಪುರ, ಬಾದಾಮಿ, ಐಹೊಳೆಯ ಮ್ಯೂಸಿಯಂ ನೋಡುವ ಆಸೆಯಿದ್ದರೆ ಆ ದಿನ ತಪ್ಪಿಸಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಹಾಕಿಸಿದ ಕ್ರಿ.ಶ. 578ರ ಶಾಸನವಿದೆ. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ ಎಂಬ ಅಕ್ಕತಂಗಿಯರು ಕಟ್ಟಿಸಿದ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳು ಅಕ್ಕಪಕ್ಕದಲ್ಲೇ ನಿಂತಿವೆ. ನನಗೆ ಶಾಸನದ ಮುಂದೆ ನಿಲ್ಲಬೇಕು, ಗೆಳತಿಗೆ ಕಂಬಗಳ ಮೇಲಿನ ರಾಮಾಯಣ, ಭಾರತದ ಕಥೆಗಳನ್ನು ಒಂದೊಂದಾಗಿ ನೋಡಬೇಕು. ಇಬ್ಬರಿಗೂ ಹೊತ್ತು ಸಿಗಬೇಕಾದರೆ ಆ ದಿನದ ಪಟ್ಟಿ ಚಿಕ್ಕದಿರಲೇಬೇಕು.

7. ಆಯಾ ಊರಿನ ಊಟವನ್ನೇ ಉಣ್ಣಿ

ಮೊದಲ ದಿನಗಳಲ್ಲಿ ಹೊಟ್ಟೆ ಕೆಟ್ಟರೆ ಪ್ರವಾಸ ಅಲ್ಲಿಗೆ ನಿಂತಿತು. ಹೆದ್ದಾರಿಯ ಡಾಬಾದ ಎಣ್ಣೆ ತೇಲುವ ಗ್ರೇವಿಗಿಂತ ಊರೊಳಗಿನ ಖಾನಾವಳಿ ಎಷ್ಟೋ ಮೇಲು. ಹೊಸಪೇಟೆ, ಕೊಪ್ಪಳದ ಕಡೆ ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಬಾದಾಮಿ ಬಳಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಕೂತ ಹೆಂಗಸರು "ಬರ್ರೀ ಯವ್ವಾ, ಉಣ್ಣಬರ್ರೀ" ಎಂದು ಕರೆಯುತ್ತಾರೆ. ಮರದ ನೆರಳಿನಲ್ಲಿ ಕೂತು ಉಂಡು, ಅವರ ಜೊತೆ ನಾಲ್ಕು ಮಾತಾಡಿ. ಮುಂದಿನ ದಾರಿ ಹೇಗಿದೆ, ಎಲ್ಲಿ ಜಾತ್ರೆಯಿದೆ ಎಂಬುದು ಮ್ಯಾಪಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಾತ್ರೆ, ಊಟದ ಹೊತ್ತು, ಮುಟ್ಟಿನ ದಿನ, ಶೌಚದ ಅನುಕೂಲ ಇವನ್ನೂ ನಾಚಿಕೆಯಿಲ್ಲದೆ ಮಾತಾಡಿಕೊಳ್ಳಿ. ಶೌಚಕ್ಕೆ ಜಾಗ ಸಿಗಲಿಕ್ಕಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುವ ಹೆಂಗಸರು ಬಹಳ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿನ ಗಾಳಿ ಉಚಿತವಾಗಿ ಕೊಡಲೇಬೇಕು. ಬೀಗ ಹಾಕಿದ್ದರೆ ಕೀ ಕೇಳಿ. ಅದು ನಮ್ಮ ಹಕ್ಕು.

8. ದಿನಕ್ಕೊಂದು ಗಂಟೆ ಬೇರೆ ಬೇರೆ ಇರಿ

ಜೊತೆಗೆ ಬಂದಿದ್ದೇವೆಂದು ಪ್ರತಿ ಗಳಿಗೆಯೂ ಜೊತೆಗಿರಬೇಕಿಲ್ಲ. ಎರಡನೆಯ ದಿನದಿಂದಲೇ ಇದನ್ನು ರೂಢಿ ಮಾಡಿ. ಒಬ್ಬಳು ಬಾದಾಮಿಯ ಅಗಸ್ತ್ಯ ಹೊಂಡದ ಮೆಟ್ಟಿಲ ಮೇಲೆ ಕೂರಲಿ, ಇನ್ನೊಬ್ಬಳು ಪೇಟೆ ಸುತ್ತಲಿ. ಕಾರಿನೊಳಗೂ ಹಾಗೆಯೇ. ಮಾತಿಲ್ಲದ ಹೊತ್ತನ್ನು ಹಾಡು ಹಾಕಿ ತುಂಬುವ ಅವಸರ ಬೇಡ. ಒಂದು ಗಂಟೆಯ ಮೌನ ಮುನಿಸಲ್ಲ ಎಂದು ಇಬ್ಬರಿಗೂ ಗೊತ್ತಾದ ದಿನ ಪ್ರವಾಸ ಹಗುರಾಗುತ್ತದೆ.

9. ಮೂರನೆಯ ದಿನದ ಬೇಸರವನ್ನು ಅಂದೇ ಹೇಳಿ

ಮೊದಲ ದಿನ ಉತ್ಸಾಹ, ಎರಡನೆಯ ದಿನ ದಾಕ್ಷಿಣ್ಯ. ಮೂರನೆಯ ದಿನ ಚಿಕ್ಕ ಚಿಕ್ಕ ವಿಷಯಗಳು ಚುಚ್ಚತೊಡಗುತ್ತವೆ. ಬೆಳಗ್ಗೆ ಏಳುವ ಹೊತ್ತು, ಫ್ಯಾನಿನ ವೇಗ, ಫೋಟೋಗೆ ಪದೇ ಪದೇ ನಿಲ್ಲಿಸುವುದು, ಮನೆಯಿಂದ ಬರುವ ಉದ್ದುದ್ದ ಫೋನು. ಇವು ಚಿಕ್ಕವೆಂದು ನುಂಗಬೇಡಿ. ನುಂಗಿದ್ದು ಐದನೆಯ ದಿನ ಬೇರಾವುದೋ ನೆಪದಲ್ಲಿ ಹೊರಗೆ ಬರುತ್ತದೆ. ರಾತ್ರಿ ಊಟವಾದ ಮೇಲೆ ಒಬ್ಬರಿಗೊಬ್ಬರು ಎರಡು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಏನು ಇಷ್ಟವಾಯಿತು? ನಾಳೆ ಏನು ಬದಲಾಗಬೇಕು? ಎರಡನೆಯದಕ್ಕೆ ಬಂದ ಉತ್ತರಕ್ಕೆ ಸಮಜಾಯಿಷಿ ಕೊಡಬೇಡಿ, ಮರುದಿನ ಬದಲಿಸಿ ತೋರಿಸಿ. ನಾಳೆಯ ತೀರ್ಮಾನ ನನ್ನದಾದರೆ ನಾಡಿದ್ದಿನದು ಅವಳದು. ಈ ಪಾಳಿ ಇದ್ದರೆ ಯಾವ ದಾರಿಗೂ ಜಗಳವಿಲ್ಲ.

ಈ ಒಂಬತ್ತರಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಡ, ದೊಡ್ಡ ಗಾಡಿಯೂ ಬೇಡ. ಮೊದಲ ಮೂರು ದಿನ ಕಡಿಮೆ ಓಡಿ, ಹೆಚ್ಚು ಮಾತಾಡಿ, ಜೊತೆಯವರ ಮಿತಿಯನ್ನು ನಿಮ್ಮ ಮಿತಿಯೆಂದು ಒಪ್ಪಿಕೊಳ್ಳಿ. ನೌಕರಿ, ಮಕ್ಕಳು, ಮನೆ ಎಂದು ವರ್ಷಗಟ್ಟಲೆ ಮುಂದೂಡಿದ ಪ್ರವಾಸ ನಿಮ್ಮದೂ ಒಂದಿದ್ದರೆ, ಈ ವಾರವೇ ಆ ಗೆಳತಿಗೋ ಗೆಳೆಯನಿಗೋ ಫೋನು ಮಾಡಿ ದಿನ ಗೊತ್ತುಮಾಡಿ.