ಪದಗಳಿಗೂ ಒಂದು ಸನದ್ ಇದೆ

ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯಿದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಕೆಲವು ಸಾಲುಗಳನ್ನು ಕೆತ್ತಲಾಯಿತು. ಭಾಷೆ ಅಂದಿನ ಜನಸಾಮಾನ್ಯರ ಪ್ರಾಕೃತ. ಕಾಲಾಂತರದಲ್ಲಿ ಆ ಲಿಪಿಯನ್ನು ಓದುವವರೇ ಇಲ್ಲದಾದರು. ಅಕ್ಷರಗಳು ಅಳಿಯಲಿಲ್ಲ, ಅರಿವು ಅಳಿಯಿತು. ಓದು ಬಾರದವನಿಗೆ ಅಕ್ಷರವೂ ಕಲ್ಲಿನ ಮೇಲಿನ ಗೀರು ಮಾತ್ರ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಆಂಗ್ಲ ವಿದ್ವಾಂಸ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದರು. ಅನೇಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಸಿಕ್ಕಿತು. ಆದರೆ ಈ ಅರಸ ಯಾರೆಂಬುದನ್ನು ಯಾವ ಬಂಡೆಯೂ ಹೆಸರಿಟ್ಟು ಹೇಳಿರಲಿಲ್ಲ. 1915ರಲ್ಲಿ ನಿಜಾಮ್ ಸರಕಾರದ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಚರಿತ್ರೆಯ ಒಂದು ದೊಡ್ಡ ಗಂಟು ನಮ್ಮೂರಿನ ಮಗ್ಗುಲಲ್ಲೇ ಬಿಚ್ಚಿಕೊಂಡಿತು.

ಲಿಪಿಯನ್ನು ಹೀಗೆ ಬಿಡಿಸಿ ಓದುವುದಕ್ಕೆ ಇಂಗ್ಲಿಷಿನಲ್ಲಿ 'ಡಿಸೈಫರ್' ಎನ್ನುತ್ತಾರೆ. ಪ್ರಿಯ ವಿದ್ಯಾರ್ಥಿಗಳೇ, ಈ ಒಂದು ಪದವನ್ನು ಒಡೆದು ನೋಡಿರಿ. 'ಡಿ' ಎಂದರೆ ತೆಗೆದುಹಾಕು, ಬಿಡಿಸು. 'ಸೈಫರ್' ಎಂದರೆ ಗುಪ್ತ ಬರಹ. ಅದಕ್ಕೂ ಮೊದಲಿನ ಅರ್ಥ ಸೊನ್ನೆ. ಈ ಸೈಫರ್ ಬಂದದ್ದು ಅರಬಿಯ 'ಸಿಫ್ರ್'ನಿಂದ. ಉರ್ದು ಶಾಲೆಯ ಮಗು ಮಗ್ಗಿ ಹೇಳುವಾಗ ಸೊನ್ನೆಗೆ ಹೇಳುವ 'ಸಿಫರ್' ಇದೇ. ಅರಬರು ಆ ಪದವನ್ನು ಬಳಸಿದ್ದು ನಮ್ಮ ದೇಶದ 'ಶೂನ್ಯ'ಕ್ಕೆ ಸಮಾನವಾಗಿ. ಇಂಗ್ಲಿಷ್ ಪದವೊಂದರ ಹೊಟ್ಟೆಯಲ್ಲಿ ಅರಬಿ, ಅರಬಿಯ ಹಿಂದೆ ಭಾರತ!

ಬೇಡವೆನ್ನುವ ಭಾಷೆ

ಇಂಗ್ಲಿಷ್ ಕಲಿತರೆ ಮಗು ದೀನ್‌ನಿಂದ ದೂರವಾದೀತು ಎಂದು ಅಂಜುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಮದೀನಾದ ಒಂದು ಘಟನೆಯನ್ನು ಅವರ ಮುಂದಿಡಬಯಸುತ್ತೇನೆ. ಪ್ರವಾದಿ(ಸ) ಅವರು ತರುಣ ಸಹಾಬಿ ಝೈದ್ ಬಿನ್ ಸಾಬಿತ್(ರ) ಅವರಿಗೆ ಯಹೂದಿಯರ ಬರಹವನ್ನು ಕಲಿಯಲು ಆಜ್ಞಾಪಿಸಿದರು. ಪತ್ರಗಳನ್ನು ಓದಲು, ಉತ್ತರ ಬರೆಯಲು ನಂಬಿಕಸ್ಥ ವ್ಯಕ್ತಿ ಬೇಕಾಗಿತ್ತು. ಝೈದ್(ರ) ಅರ್ಧ ತಿಂಗಳು ಕಳೆಯುವ ಮೊದಲೇ ಅದನ್ನು ಕಲಿತರು. ಮುಂದೆ ಪವಿತ್ರ ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಮಹಾಕಾರ್ಯದ ಹೊಣೆಯೂ ಇದೇ ಝೈದ್(ರ) ಅವರ ಹೆಗಲಿಗೆ ಬಂತು. ಪರಭಾಷೆ ಕಲಿತದ್ದರಿಂದ ಅವರ ಈಮಾನ್‌ಗೆ ಕುಂದು ಬರಲಿಲ್ಲ.

ಅರ್ರೂಮ್ ಅಧ್ಯಾಯದ 22ನೇ ವಚನದಲ್ಲಿ ಅಲ್ಲಾಹನು ಮನುಷ್ಯರ ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯವನ್ನು ತನ್ನ ನಿದರ್ಶನಗಳ ಸಾಲಿನಲ್ಲಿ ಎಣಿಸಿದ್ದಾನೆ. ಅಲ್ಲಾಹನ ನಿದರ್ಶನವೊಂದಕ್ಕೆ ಹೆದರಿ ಓಡುವುದು ಸತ್ಯವಿಶ್ವಾಸಿಗೆ ಒಪ್ಪುವ ಮಾತಲ್ಲ.

ಭಯದ ಬೆಲೆ ಏನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಬಳಿ ಓದಿದ ಒಬ್ಬ ಹುಡುಗ ಹತ್ತನೇ ತರಗತಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಪಡೆದ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅವನಿಗೆ ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಪದಗಳ ಮುಸುಕು ಹಾಕಿಕೊಂಡು ಬಂದಿತ್ತು. ನಾಲ್ಕು ತಿಂಗಳಲ್ಲಿ ಕಾಲೇಜು ಬಿಟ್ಟ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ ಅವನನ್ನು ಕಂಡು ಏಕೆ ಬಿಟ್ಟೆ ಎಂದು ಕೇಳಿದೆ. "ಹಜ್ರತ್, ಲೆಕ್ಕ ತಿಳೀತಿತ್ರಿ, ಮಾತು ತಿಳೀತಿದ್ದಿಲ್ರಿ" ಎಂದ. ದುಡಿಮೆ ಹಲಾಲ್ ಆದದ್ದು, ಅದರಲ್ಲಿ ಅವಮಾನವಿಲ್ಲ. ಆದರೆ ಆ ಮಾತು ನನ್ನ ನಿದ್ದೆ ಕೆಡಿಸಿತು. ಅವನಿಗೆ ವ್ಯಾಕರಣ ಕಲಿಸಿದ್ದೆವು, ಪದಗಳ ಜೊತೆ ಪರಿಚಯ ಮಾಡಿಸಿರಲಿಲ್ಲ.

ಪದಗಳ ಪರಂಪರೆ

ಹದೀಸ್ ಓದುವವರಿಗೆ ಸನದ್ ಎಂದರೇನೆಂದು ಹೇಳಬೇಕಾಗಿಲ್ಲ. ಇವರು ಅವರಿಂದ ಕೇಳಿದರು, ಅವರು ಇನ್ನೊಬ್ಬರಿಂದ ಕೇಳಿದರು ಎಂಬ ಸರಪಳಿ ಅದು. ಪದಗಳಿಗೂ ಇಂಥ ಸರಪಳಿ ಇದೆ. ವಿಜ್ಞಾನದ ಇತಿಹಾಸವನ್ನು ಓದಿದರೆ ಆ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಾಣುತ್ತವೆ. ಸರಪಳಿ ತಿಳಿದ ಪದ ಬೇಗ ಮರೆಯುವುದಿಲ್ಲ.

ಸೊನ್ನೆಯ ಸನದನ್ನೇ ನೋಡಿರಿ. 628ರಲ್ಲಿ ಬ್ರಹ್ಮಗುಪ್ತ ಶೂನ್ಯದ ಲೆಕ್ಕದ ನಿಯಮಗಳನ್ನು ಬರೆದರು. 9ನೇ ಶತಮಾನದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಭಾರತೀಯ ಅಂಕಿಗಳ ಬಗ್ಗೆ ಅರಬಿಯಲ್ಲಿ ಗ್ರಂಥ ರಚಿಸಿದರು. 1202ರಲ್ಲಿ ಇಟಲಿಯ ಫಿಬೊನಾಚಿ 'ಸಿಫ್ರ್' ಪದವನ್ನು ಲ್ಯಾಟಿನ್‌ನಲ್ಲಿ 'ಝೆಫಿರಮ್' ಎಂದು ಬರೆದರು. ಅದು ಸವೆದು 'ಝೀರೊ' ಆಯಿತು.

ಅಲ್ ಖ್ವಾರಿಝ್ಮಿಯವರ ಇನ್ನೊಂದು ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಪದದಿಂದ 'ಆಲ್ಜೀಬ್ರಾ' ಹುಟ್ಟಿತು. ಜಬ್ರ್ ಎಂದರೆ ಇಲ್ಲಿ ಮುರಿದದ್ದನ್ನು ಕೂಡಿಸುವುದು, ಕಳೆದದ್ದನ್ನು ತುಂಬುವುದು. ಸಮೀಕರಣದ ಒಂದು ಬದಿಯಲ್ಲಿ ಕಳೆದ ಅಂಕಿಯನ್ನು ಎರಡೂ ಬದಿಗೆ ಕೂಡಿಸಿ ಸರಿಪಡಿಸುತ್ತೇವಲ್ಲ, ಅದೇ ಜಬ್ರ್. ಅವರ ಹೆಸರೇ ಲ್ಯಾಟಿನ್ ನಾಲಿಗೆಯಲ್ಲಿ ಹೊರಳಿ ಇಂದಿನ ಕಂಪ್ಯೂಟರ್ ಪಾಠದ 'ಆಲ್ಗರಿದಮ್' ಆಗಿದೆ.

ತ್ರಿಕೋನಮಿತಿಯ 'ಸೈನ್' ಕಂಡರೆ ಮಕ್ಕಳು ಬೆದರುತ್ತಾರೆ. ಅದರ ಕಥೆ ಕೇಳಿದರೆ ನಗುತ್ತಾರೆ. ಸಂಸ್ಕೃತದ 'ಜ್ಯಾ' ಎಂದರೆ ಬಿಲ್ಲಿನ ಹೆದೆ. ಅದಕ್ಕೆ 'ಜೀವಾ' ಎಂದೂ ಹೆಸರು. ಅರಬರು ಅದನ್ನು 'ಜೀಬಾ' ಎಂದು ಬರೆದುಕೊಂಡರು. ಅರಬಿ ಬರಹದಲ್ಲಿ ಸ್ವರಚಿಹ್ನೆ ಇಲ್ಲದ್ದರಿಂದ ಮುಂದೆ ಅದನ್ನು 'ಜೈಬ್' ಎಂದು ಓದಲಾಯಿತು. ಜೈಬ್ ಎಂದರೆ ಅಂಗಿಯ ಮಡಿಕೆ, ಎದೆಯ ಭಾಗ. 12ನೇ ಶತಮಾನದ ಲ್ಯಾಟಿನ್ ಅನುವಾದಕರು ಅದೇ ಅರ್ಥ ಹಿಡಿದು 'ಸೈನಸ್' ಎಂದರು. ನಾವು ದುಡ್ಡು ಇಡುವ 'ಜೇಬು' ಆ ಜೈಬ್‌ನ ಮೊಮ್ಮಗ! ಝೇರ್ ಝಬರ್ ತಪ್ಪಿದರೆ ಅರ್ಥ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮದ್ರಸಾದ ಮಗುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಚಿನ್ನ ತೆಗೆದ ಗುರುತುಗಳಿವೆ. ಅಲ್ಲಿ ಕೆಲಸ ಮಾಡುವವರ ಮಕ್ಕಳಿಗೆ 'ಓರ್', 'ಶಾಫ್ಟ್' ಎಂಬ ಪದಗಳು ಮನೆಯ ಮಾತು. ಅದಿರಿನಿಂದ ಚಿನ್ನ ಬೇರ್ಪಡಿಸುವುದಕ್ಕೆ 'ಎಕ್ಸ್‌ಟ್ರ್ಯಾಕ್ಟ್' ಎನ್ನುತ್ತಾರೆ. 'ಎಕ್ಸ್' ಎಂದರೆ ಹೊರಗೆ, 'ಟ್ರ್ಯಾಕ್ಟ್' ಎಂದರೆ ಎಳೆ. ಹೊಲ ಉಳುವ 'ಟ್ರ್ಯಾಕ್ಟರ್' ಕೂಡ ಎಳೆಯುವುದೇ. ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟವರ ವಿದ್ಯೆಗೆ ಅರಬಿಯಲ್ಲಿ 'ಅಲ್ ಕೀಮಿಯಾ' ಎಂದು ಹೆಸರಿತ್ತು. ಚಿನ್ನವೇನೂ ಆಗಲಿಲ್ಲ. ಆದರೆ ಕಾಯಿಸುವ, ಭಟ್ಟಿ ಇಳಿಸುವ, ಸೋಸುವ ವಿಧಾನಗಳು ಬೆಳೆದವು, 'ಕೆಮಿಸ್ಟ್ರಿ' ಎಂಬ ಹೆಸರು ಉಳಿಯಿತು. ನಮ್ಮ ಹೊಲದ ಹತ್ತಿಗೆ ಇಂಗ್ಲಿಷಿನವರು 'ಕಾಟನ್' ಎನ್ನುತ್ತಾರೆ, ಅದು ಅರಬಿಯ 'ಕುತ್ನ್'. 'ಶುಗರ್' ಅರಬಿಯ 'ಸುಕ್ಕರ್', ಅದರ ಮೂಲ ಸಂಸ್ಕೃತದ 'ಶರ್ಕರಾ'. ನಮ್ಮ ಸಕ್ಕರೆಯೂ ಅದೇ ಮನೆತನದ್ದು.

ನನ್ನದೇ ಒಂದು ತಪ್ಪು

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಮ್ಮೆ ಒಂದು ಸಭೆಯಲ್ಲಿ ಇಬ್ನುಲ್ ಹೈಸಮ್ ಅವರ ಬಗ್ಗೆ ಮಾತನಾಡಿದೆ. 11ನೇ ಶತಮಾನದ ಆರಂಭದಲ್ಲಿ ಅವರು ಬೆಳಕಿನ ಬಗ್ಗೆ ಮಹಾಗ್ರಂಥ ಬರೆದದ್ದು, ಕತ್ತಲೆ ಕೋಣೆಯಲ್ಲಿ ಸಣ್ಣ ರಂಧ್ರದಿಂದ ಬೆಳಕು ಹಾಯಿಸಿ ಪರೀಕ್ಷಿಸಿದ್ದು ಎಲ್ಲವೂ ಸರಿ. ಉತ್ಸಾಹದಲ್ಲಿ ಇನ್ನೊಂದು ಮಾತು ಸೇರಿಸಿದೆ: 'ಕ್ಯಾಮೆರಾ' ಎಂಬ ಪದವೇ ಅರಬಿಯ 'ಕಮರಾ'ದಿಂದ ಬಂದದ್ದು ಎಂದೆ. ಸಭೆ ತಲೆದೂಗಿತು.

ಮರುದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಗ್ರಂಥಾಲಯದ ದೊಡ್ಡ ನಿಘಂಟಿನಿಂದ ಬರೆದುಕೊಂಡ ಚೀಟಿಯನ್ನು ನನ್ನ ಮುಂದಿಟ್ಟಳು. ಕ್ಯಾಮೆರಾ ಲ್ಯಾಟಿನ್ ಪದ, ಅರ್ಥ ಕಮಾನಿನ ಕೋಣೆ. ಅದರ ಹಿಂದೆ ಗ್ರೀಕ್. ಅರಬಿಯ ಕೊಂಡಿ ಅಲ್ಲಿಲ್ಲ. "ಸರ್, ಸನದ್ ಸರಿ ಇಲ್ಲ ಅನ್ನಿಸ್ತದ್ರಿ" ಎಂದಳು. ಮುಖಕ್ಕೆ ನೀರು ಹೊಡೆದಂತಾಯಿತು. ಬಲ್ಲೆನೆಂದು ಖಚಿತವಿಲ್ಲದ ವಿಷಯದ ಬೆನ್ನು ಹತ್ತಬೇಡಿರಿ, ಕಿವಿ ಕಣ್ಣು ಹೃದಯಗಳೆಲ್ಲವೂ ವಿಚಾರಣೆಗೆ ಒಳಗಾಗಲಿವೆ ಎಂಬ ತಾತ್ಪರ್ಯದ ವಚನ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ. ಅದನ್ನು ಎಷ್ಟೋ ಸಲ ಇತರರಿಗೆ ಬೋಧಿಸಿದ್ದೆ. ಮುಂದಿನ ಶುಕ್ರವಾರ ಅದೇ ಜನರ ಮುಂದೆ ತಪ್ಪನ್ನು ಒಪ್ಪಿಕೊಂಡೆ.

ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಿ ಎಂಬ ಮಾತನ್ನು ನಮ್ಮ ವೇದಿಕೆಗಳಲ್ಲಿ ಹದೀಸ್ ಎಂದು ಹೇಳುವ ರೂಢಿ ಇದೆ. ಅದರ ಸನದ್ ನೆಚ್ಚುವಂಥದ್ದಲ್ಲ ಎಂದು ಹದೀಸ್ ವಿದ್ವಾಂಸರು ಎಂದೋ ಹೇಳಿದ್ದಾರೆ. ನಮ್ಮ ಪೂರ್ವಜರ ಸಾಧನೆಗೆ ಸುಳ್ಳಿನ ಅಲಂಕಾರ ಬೇಕಾಗಿಲ್ಲ. ಸೊನ್ನೆ ಭಾರತದ್ದು ಎಂದು ಒಪ್ಪುವುದರಿಂದ ಅಲ್ ಖ್ವಾರಿಝ್ಮಿ ಚಿಕ್ಕವರಾಗುವುದಿಲ್ಲ. ಅಂಕಿಗಳು ಭಾರತೀಯರವು ಎಂದು ಸ್ವತಃ ಅವರೇ ಒಪ್ಪಿದ್ದರು.

ಹೊಲದ ಕಾರ್ಡು

ಪದದ ಅರಿವು ಪರೀಕ್ಷೆಗೆ ಮಾತ್ರವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ಕಣಜವಾಗಿಸಿದೆ. ನೀರು ಹೆಚ್ಚಾಗಿ ನಿಂತ ಕಡೆ ಭೂಮಿ ಸವಳಾಗಿಯೂ ಇದೆ. ಒಬ್ಬ ರೈತರು ಮಣ್ಣು ಪರೀಕ್ಷೆಯ ಕಾರ್ಡು ಹಿಡಿದು ಬಂದು, "ಮೌಲಾನಾ, ಇದರಾಗ ಏನ್ ಬರದಾರ ನೋಡ್ರಿ" ಎಂದರು. ಜಿಪ್ಸಂ ತರಲು ಸಾಲಕ್ಕೆ ಹೊರಟಿದ್ದರು. ಕಾರ್ಡಿನಲ್ಲಿದ್ದ ಪದ 'ಸಲೈನ್', 'ಅಲ್ಕಲಿ' ಅಲ್ಲ. ಸಲೈನ್ ಎಂದರೆ ಉಪ್ಪು ತುಂಬಿದ ಮಣ್ಣು. ಅದಕ್ಕೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು. ಅಲ್ಕಲಿ ಎಂದರೆ ಕ್ಷಾರದ ಮಣ್ಣು, ಜಿಪ್ಸಂ ಬೇಕಾದದ್ದು ಅದಕ್ಕೆ. ಕೃಷಿ ಅಧಿಕಾರಿಗಳನ್ನು ಕೇಳದೆ ಸಾಲ ಮಾಡಬೇಡಿ ಎಂದು ಕಳಿಸಿಕೊಟ್ಟೆ. ಅಧಿಕಾರಿಗಳೂ ಅದನ್ನೇ ಹೇಳಿದರಂತೆ. 'ಅಲ್ಕಲಿ' ಅರಬಿಯ 'ಅಲ್ ಕಲೀ', ಅಂದರೆ ಉಪ್ಪುನೆಲದ ಗಿಡ ಸುಟ್ಟ ಬೂದಿ. ಪದದ ಕಥೆ ತಿಳಿದಿದ್ದರಿಂದ ಒಂದು ಮನೆ ಸಾಲದಿಂದ ಉಳಿಯಿತು.

ಕಲಿಯುವ ಕ್ರಮ

ಹಿಫ್ಝ್ ಮಾಡುವ ಮಕ್ಕಳಿಗೆ ಮೂರು ಹೆಜ್ಜೆ ಗೊತ್ತು: ಇಂದಿನ ಹೊಸ ಪಾಠ ಸಬಕ್, ಇತ್ತೀಚಿನ ಪಾಠಗಳ ಸಬಕೀ, ಹಳೆಯದನ್ನೆಲ್ಲ ಸುತ್ತಿ ಬರುವ ಮಂಝಿಲ್. ಇಂಗ್ಲಿಷಿಗೂ ಇದನ್ನೇ ಅನ್ವಯಿಸಿರಿ.

ಒಂದು: ದಿನಕ್ಕೆ ವಿಜ್ಞಾನದ ಇತಿಹಾಸದ ಒಂದೇ ಒಂದು ಸಣ್ಣ ಪ್ಯಾರಾ ಓದಿರಿ. ಐದು ಹೊಸ ಪದ ಸಾಕು. ವಾರಕ್ಕೆ ಆರು ದಿನವಾದರೆ ಮೂವತ್ತು, ನಲವತ್ತು ವಾರಕ್ಕೆ ಸಾವಿರದ ಇನ್ನೂರು.

ಎರಡು: ನೋಟುಬುಕ್ಕಿನಲ್ಲಿ ನಾಲ್ಕು ಮನೆ ಗೀರಿರಿ: ಪದ, ಅದರ ಸನದ್, ಓದಿದ ವಾಕ್ಯ, ನಿಮ್ಮದೇ ವಾಕ್ಯ. ನಾಲ್ಕನೆಯ ಮನೆ ಖಾಲಿ ಇದ್ದರೆ ಪದ ಇನ್ನೂ ನಿಮ್ಮದಾಗಿಲ್ಲ.

ಮೂರು: ಪದಗುಚ್ಛವನ್ನು ಒಡೆಯಬೇಡಿರಿ. 'ಕ್ಯಾರಿ ಔಟ್ ಆನ್ ಎಕ್ಸ್‌ಪೆರಿಮೆಂಟ್' ಎಂದರೆ ಪ್ರಯೋಗ ನಡೆಸು. ನನ್ನ ಒಬ್ಬ ವಿದ್ಯಾರ್ಥಿ 'ಪ್ರಯೋಗವನ್ನು ಹೊತ್ತು ಹೊರಗೆ ಹೋದರು' ಎಂದು ಬರೆದಿದ್ದ! 9ನೇ ಶತಮಾನದಲ್ಲಿ ಬಗ್ದಾದಿನ ಕ್ರೈಸ್ತ ವಿದ್ವಾಂಸ ಹುನೈನ್ ಬಿನ್ ಇಸ್ಹಾಕ್ ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸುವಾಗ ಪದಕ್ಕೆ ಪದ ಇಡುತ್ತಿರಲಿಲ್ಲ. ಪೂರ್ಣ ವಾಕ್ಯದ ಅರ್ಥ ಗ್ರಹಿಸಿ, ಬಳಿಕ ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. 'ಟ್ರಯಲ್ ಅಂಡ್ ಎರರ್', 'ಆ್ಯಸ್ ಎ ರಿಸಲ್ಟ್', 'ಅಕಾರ್ಡಿಂಗ್ ಟು' ಇವನ್ನೂ ಇಡಿಯಾಗಿಯೇ ಕಲಿಯಿರಿ.

ನಾಲ್ಕು: ಹತ್ತಿರದ ಪದಗಳ ಅಂತರ ಅರಿಯಿರಿ. 'ಡಿಸ್ಕವರ್' ಎಂದರೆ ಇದ್ದದ್ದರ ಮೇಲಿನ ಮುಸುಕು ತೆಗೆಯುವುದು. 'ಇನ್ವೆಂಟ್' ಎಂದರೆ ಇಲ್ಲದ ಸಾಧನವನ್ನು ಹೊಸದಾಗಿ ರೂಪಿಸುವುದು. ಅಲ್ಲಾಹನು ಸೃಷ್ಟಿಯಲ್ಲಿಟ್ಟ ನಿಯಮಗಳನ್ನು ಮನುಷ್ಯ ಡಿಸ್ಕವರ್ ಮಾಡುತ್ತಾನೆ, ನಿರ್ಮಿಸುವುದಿಲ್ಲ. ಈ ಎರಡು ಪದಗಳ ನಡುವೆ ವಿನಯದ ಒಂದು ಪಾಠವೇ ಅಡಗಿದೆ.

ಐದು: ಗುರುವಾರ ಸಂಜೆ ಮಂಝಿಲ್. ಅಣ್ಣ ತಂಗಿಗೆ, ತಂಗಿ ತಾಯಿಗೆ ಒಂದು ಪದದ ಕಥೆ ಹೇಳಲಿ. ಕಲಿಸಿದವನಿಗೆ ಮರೆವು ಕಡಿಮೆ.

ಗಿರಣಿಯ ಆ ಹುಡುಗ ಈಗ ಗುರುವಾರ ಸಂಜೆ ನಮ್ಮಲ್ಲಿಗೆ ಬರುತ್ತಾನೆ. ಕೈಯಲ್ಲಿ ನಾಲ್ಕು ಮನೆಯ ನೋಟುಬುಕ್ಕು, ಅಂಗಿಯ ಮೇಲೆ ತೌಡಿನ ಧೂಳು. ಖಾಸಗಿಯಾಗಿ ಪರೀಕ್ಷೆ ಕಟ್ಟುವ ಮನಸ್ಸು ಮಾಡಿದ್ದಾನೆ. ಕಳೆದ ವಾರ ಅವನು ತನ್ನ ನಾಲ್ಕನೆಯ ಮನೆಯಲ್ಲಿ 'ಡಿಸೈಫರ್' ಬಳಸಿ ಬರೆದ ವಾಕ್ಯದ ಅರ್ಥ ಇಷ್ಟು: ಕಲ್ಲು ಕಾದಿತ್ತು, ಓದುವವನು ತಡವಾಗಿ ಬಂದ.

ತಡವಾದರೂ ಬರುವವರಿಗೆ ಅಲ್ಲಾಹನು ದಾರಿ ಸುಗಮಗೊಳಿಸಲಿ, ನಮ್ಮ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.