ಗೆಂಡೆಮೀನಿನ ಕಿಟಕಿ

ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವರ ಬಳಿ ನಿಂತು ಮಾತನಾಡಿದರೆ, “ಸುಮ್ಮನಿರಿ ಸ್ವಾಮಿ, ಮೀನು ಓಡಿಹೋಗುತ್ತದೆ” ಎಂಬ ಗದರಿಕೆ ಬರುವುದುಂಟು. ಹಾಗೆ ಗದರಿಸಿದವರೇ ಮರುಕ್ಷಣ ಎದ್ದು, ದಪದಪನೆ ನಡೆದು, ನೀರಿನ ಅಂಚಿನಲ್ಲಿ ಬಗ್ಗಿ ನೋಡುವುದೂ ಉಂಟು. ಮೀನನ್ನು ಓಡಿಸಿದವರು ಯಾರು? ಈ ಪ್ರಶ್ನೆಗೆ ಭೌತಶಾಸ್ತ್ರವು ಉತ್ತರ ಕೊಡಬಲ್ಲುದು.

ಹಿಟ್ಟಿನ ಉಂಡೆಯನ್ನೋ ಎರೆಹುಳುವನ್ನೋ ಕೊಕ್ಕೆಗೆ ಸಿಕ್ಕಿಸಿ ಕಾಯುವವನಿಗಿಂತ, ಪುಕ್ಕ ಮತ್ತು ನೂಲಿನಿಂದ ಕಟ್ಟಿದ ಹುಸಿನೊಣದಿಂದ ಮೀನು ಹಿಡಿಯುವವನಿಗೆ ಈ ಪ್ರಶ್ನೆ ಹೆಚ್ಚು ಮುಖ್ಯ. ಹುಸಿನೊಣವು ಬಲು ಹಗುರ. ಆದುದರಿಂದ ಅವನು ತೂಕವುಳ್ಳ ದಾರವನ್ನು ಚಾವಟಿಯಂತೆ ಬೀಸಿ, ಅದರ ಸಂವೇಗದಿಂದಲೇ ನೊಣವನ್ನು ಒಯ್ಯಬೇಕು. ಗೆಂಡೆಯಾದರೋ ತಳದ ಕೆಸರನ್ನು ಕೆದಕಿ ಮೇಯುವ ಮೀನು. ಅದನ್ನು ಕಣ್ಣಾರೆ ಕಂಡು, ಅದರ ಮೂತಿಯ ಮುಂದೆಯೇ ನೊಣವನ್ನು ಇಳಿಸಬೇಕಾದುದರಿಂದ ಸಮೀಪಕ್ಕೆ ಹೋಗದೆ ವಿಧಿಯಿಲ್ಲ. ೧೯೩೯ರಲ್ಲಿ ಶ್ರೀಲಂಕೆಯಿಂದ ನೀಲಗಿರಿಗೂ ೧೯೫೭ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೂ ತಂದ ಸಾಮಾನ್ಯ ಗೆಂಡೆ ಈಗ ನಮ್ಮ ಕೆರೆಗಳಲ್ಲಿಯೂ ನೆಲೆಸಿದೆ.

ಈಗ ಮೀನಿನ ಕಣ್ಣಿನಿಂದ ಮೇಲಕ್ಕೆ ನೋಡೋಣ. ನೀರಿನ ವಕ್ರೀಭವನಾಂಕ ೧.೩೩, ಕ್ರಾಂತಿಕೋನ ಸುಮಾರು ೪೮.೬ ಡಿಗ್ರಿ. ಆದಕಾರಣ ಹೊರಗಿನ ಇಡೀ ಜಗತ್ತು ಮೀನಿಗೆ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಅದರಾಚೆಗಿನ ಮೇಲ್ಮೈ ಪೂರ್ಣ ಆಂತರಿಕ ಪ್ರತಿಫಲನದಿಂದ ಕನ್ನಡಿಯಾಗಿ, ಕೆರೆಯ ತಳವನ್ನೇ ತೋರಿಸುತ್ತದೆ. ಕಿಟಕಿಯ ವ್ಯಾಸವು ಮೀನಿರುವ ಆಳದ ೨.೨೭ರಷ್ಟು. ಒಂದು ಮೀಟರ್ ಆಳದ ಮೀನಿಗೆ ೨.೨೭ ಮೀಟರ್ ಅಗಲದ ಕಿಟಕಿ!

ದಿಗಂತದಿಂದ ೧೦ ಡಿಗ್ರಿ ಎತ್ತರದವರೆಗಿನ ದೃಶ್ಯವೆಲ್ಲ ಈ ಕಿಟಕಿಯ ಅಂಚಿನಲ್ಲಿ ಸುಮಾರು ಒಂದೇ ಡಿಗ್ರಿಯೊಳಗೆ ಅಡಕವಾಗುತ್ತದೆ. ಅಷ್ಟು ಓರೆಯಾಗಿ ಬಂದ ಬೆಳಕಿನ ಗಣನೀಯ ಪಾಲು ಪ್ರತಿಫಲಿಸಿ ಹೋಗುವುದರಿಂದ ಆ ದೃಶ್ಯ ಮಂಕೂ ಆಗಿರುತ್ತದೆ. ಗಾಳಗಾರನು ಅಡಗಬೇಕಾದುದು ಇಲ್ಲಿಯೇ. ೧.೭ ಮೀಟರ್ ಎತ್ತರದವನು ನಿಂತರೆ, ಈ ೧೦ ಡಿಗ್ರಿಯೊಳಗಿರಲು ಕಿಟಕಿಯ ಅಂಚಿನಿಂದ ಸುಮಾರು ೧೦ ಮೀಟರ್ ದೂರವಿರಬೇಕು. ಕುಕ್ಕುರುಗಾಲಿನಲ್ಲಿ ಕುಳಿತು ೦.೯ ಮೀಟರಿಗೆ ತಗ್ಗಿದರೆ ೫ ಮೀಟರ್ ಸಾಕು.

ಇನ್ನು ಮಾತಿನ ವಿಷಯ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದು. ಅದರಲ್ಲಿ ಶಬ್ದದ ವೇಗವೂ ನಾಲ್ಕು ಪಟ್ಟಿಗಿಂತ ಹೆಚ್ಚು. ಈ ಅಂತರದಿಂದಾಗಿ, ಗಾಳಿಯಿಂದ ನೇರವಾಗಿ ಬಂದ ಶಬ್ದಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ನೀರನ್ನು ಹೊಗುತ್ತದೆ, ಉಳಿದುದೆಲ್ಲ ಹಿಂದಿರುಗುತ್ತದೆ. ಹೆಜ್ಜೆಯ ಅದುರಾದರೋ ನೆಲದ ಮೂಲಕವೇ ನೀರಿಗೆ ಸಾಗಬಲ್ಲುದು. ಅದನ್ನು ಗ್ರಹಿಸಲು ಮೀನಿನ ಮೈಯ ಪಕ್ಕದಲ್ಲಿ ಪಾರ್ಶ್ವರೇಖೆಯಿದೆ. ಗೆಂಡೆಯಲ್ಲಿ ಗಾಳಿಚೀಲವನ್ನು ಒಳಗಿವಿಗೆ ಜೋಡಿಸುವ ಚಿಕ್ಕ ಎಲುಬುಗಳೂ ಇವೆ. ಇವನ್ನು ೧೮೨೦ರಲ್ಲಿ ವರ್ಣಿಸಿದವನು ಜರ್ಮನಿಯ ವೆಬರ್.

ಹಾಗೆಂದು ಕೂಗಾಡಬಹುದೆಂದು ಯಾರೂ ತಿಳಿಯಬಾರದು. ಇಂತಹುದೇ ಎಲುಬುಗಳುಳ್ಳ ಒಂದು ಕುರುಡು ಬೆಕ್ಕುಮೀನು ತಾನು ಸಿಳ್ಳು ಹಾಕಿದಾಗ ಆಹಾರಕ್ಕಾಗಿ ಹೊರಬರುತ್ತಿತ್ತೆಂದು ಕಾರ್ಲ್ ಫಾನ್ ಫ್ರಿಷ್ ೧೯೨೩ರಲ್ಲಿ ಪ್ರಕಟಿಸಿದನು. ಕಿವಿ ಸೂಕ್ಷ್ಮವಾಗಿದ್ದರೆ ಸಾವಿರದಲ್ಲೊಂದು ಪಾಲೂ ಸಾಕಾಗಬಹುದು! ಮೆಲುದನಿಯ ಮಾತಿಗಿಂತ ನಿಂತ ನಿಲುವು, ಬೀಸುವ ಕೈ, ಭಾರವಾದ ಹೆಜ್ಜೆ ಇವೇ ಹೆಚ್ಚು ಅಪಾಯವೆಂಬುದಷ್ಟೇ ಇದರ ಸಾರ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ನೀರು ತುಂಬಿ, ಕಣ್ಣಿಗಿಂತ ಎತ್ತರಕ್ಕೆ ಹಿಡಿದು, ಪಕ್ಕದಿಂದ ಮೇಲ್ಮೈಯ ಅಡಿಭಾಗವನ್ನು ನೋಡಿರಿ. ಅದು ಬೆಳ್ಳಿಯ ತಗಡಿನಂತೆ ಹೊಳೆಯುವುದು. ಮೇಲಿನಿಂದ ಬೆರಳನ್ನು ತನ್ನಿರಿ. ನೀರನ್ನು ಮುಟ್ಟುವವರೆಗೆ ಆ ಕನ್ನಡಿಯ ಮೂಲಕ ಬೆರಳು ಕಾಣದು. ಅನಂತರ ಈ ಲೆಕ್ಕ ಮಾಡಿರಿ: ೬೦ ಸೆಂಟಿಮೀಟರ್ ಆಳದಲ್ಲಿ ಮೇಯುತ್ತಿರುವ ಗೆಂಡೆಯ ಕಿಟಕಿ ಎಷ್ಟು ಅಗಲ? ಉತ್ತರ ಸುಮಾರು ೧.೩೬ ಮೀಟರ್. ಮುಂದಿನ ಸಲ ಕೆರೆಯ ಬಳಿ ಹೋದಾಗ, ಆ ಕಿಟಕಿಯೊಳಗೆ ನಿಮ್ಮ ತಲೆ ಎಲ್ಲಿ ಮೂಡುತ್ತದೆಂದು ಯೋಚಿಸಿ ಹೆಜ್ಜೆಯಿಡಿರಿ.