ಬಿಸಿಲಿನ ಕರೆಂಟು: ಸಾಲಕ್ಕೆ ಮೊದಲು ಲೆಕ್ಕ



ಸ್ವಿಚ್ ಒತ್ತುತ್ತೇವೆ, ದೀಪ ಉರಿಯುತ್ತದೆ. ಆ ಕರೆಂಟು ಎಲ್ಲಿಂದ ಬಂತು? ನಮ್ಮ ರಾಜ್ಯದಲ್ಲಿ 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಯಿತು. ಇಂದು ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಎಲ್ಲವೂ ಕರೆಂಟು ಕೊಡುತ್ತಿವೆ. ಇವು ಬಳಸಿದರೆ ಮುಗಿಯುವಂಥವಲ್ಲ. ರಾಯಚೂರಿನಲ್ಲಿ ಉರಿಸುವ ಕಲ್ಲಿದ್ದಲು ಹಾಗಲ್ಲ. ಸುಟ್ಟರೆ ಮುಗಿಯಿತು, ಉಳಿಯುವುದು ಹೊಗೆ, ಬೂದಿ.

ನಾಲ್ಕು ಬೋರ್‌ವೆಲ್‌ಗಳ ನೀರು ಒಂದೇ ಟ್ಯಾಂಕಿಗೆ ಬಿದ್ದ ಹಾಗೆ ಈ ಕರೆಂಟೆಲ್ಲ ಒಂದೇ ಜಾಲಕ್ಕೆ ಸೇರುತ್ತದೆ. ಬೇರ್ಪಡಿಸಿ ತರಲು ಆಗದು. ಆದರೆ 2022ರ ಕೇಂದ್ರ ನಿಯಮದಂತೆ, ಗ್ರಾಹಕರು ಕೇಳಿದರೆ ವಿದ್ಯುತ್ ಕಂಪನಿ ಅವರ ಪಾಲಿಗೆ ಹಸಿರು ವಿದ್ಯುತ್ತನ್ನೇ ಖರೀದಿಸಬೇಕು. ಅದಕ್ಕೆ ಬೇರೆ ದರ. ಇದು ಹೆಚ್ಚಾಗಿ ಕಾರ್ಖಾನೆಗಳ ದಾರಿ. ಮನೆಗಳಿಗೆ ಹತ್ತಿರದ ದಾರಿ ತಾರಸಿಯ ಸೋಲಾರ್.

ಎಷ್ಟು ಸಿಗುತ್ತದೆ?

ಒಂದು ಕಿಲೋವ್ಯಾಟ್ ಸೋಲಾರಿಗೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೇ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಬ್ಸಿಡಿ 1 ಕಿಲೋವ್ಯಾಟ್‌ಗೆ ರೂ. 30,000, ಎರಡಕ್ಕೆ ರೂ. 60,000, ಮೂರು ಅಥವಾ ಹೆಚ್ಚಿಗೆ ರೂ. 78,000. ಇದು ವಾಸದ ಮನೆಗೆ; ಅಂಗಡಿ, ಹಿಟ್ಟಿನ ಗಿರಣಿಗೆ ಇಲ್ಲ.

ಸಂಘದಲ್ಲಿ ಸಾಲ ಕೇಳುವ ಮೊದಲು

1. ಒಂದು ವರ್ಷದ ಬಿಲ್ಲುಗಳನ್ನು ನೋಡಿರಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿದ್ದರೆ ಸೋಲಾರಿನಿಂದ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ, ಕಂತು ಮಾತ್ರ ಹೊಸದು. ಹೆಚ್ಚಾದ ಕರೆಂಟನ್ನು ಕಂಪನಿಗೆ ಕೊಟ್ಟು ಬರುವ ಹಣ ಕಂತಿಗೆ ಸಾಲುತ್ತದೆಯೇ ಎಂದು ಕೇಳಿ ತಿಳಿಯಿರಿ. ತಿಂಗಳು ತಿಂಗಳು ದೊಡ್ಡ ಬಿಲ್ಲು ಕಟ್ಟುವ ಮನೆಗೆ ಲಾಭ ಬೇಗ.
2. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಕೆಲಸ ಮುಗಿದು, ಮೀಟರ್ ಕೂತು, ಪರಿಶೀಲನೆ ಆದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ.
3. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವಕ್ಕೆ ಅಪಾಯವಾಗಬಾರದೆಂದೇ ಹೀಗೆ ಮಾಡಿದ್ದಾರೆ.
4. ಯೋಜನೆಯಲ್ಲಿ ನೋಂದಾಯಿಸಿದವರಿಂದಲೇ ಹಾಕಿಸಿರಿ. ವಾರಂಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಬಿಸಿಲು ಪುಕ್ಕಟೆ, ಸಾಲ ಪುಕ್ಕಟೆಯಲ್ಲ. ಲೆಕ್ಕ ಹಾಕಿ ಇಳಿದರೆ ಎರಡೂ ನಮ್ಮ ಕೈಯಲ್ಲಿರುತ್ತವೆ.

ಸಭೆಯಲ್ಲಿ ಚರ್ಚಿಸಿರಿ

* ನಮ್ಮಲ್ಲಿ ಎಷ್ಟು ಮನೆಗಳಿಗೆ ಸೊನ್ನೆ ಬಿಲ್ಲು? ಎಷ್ಟು ಮನೆಗಳು ಹಣ ಕಟ್ಟುತ್ತಿವೆ?
* ಯಾರ ತಾರಸಿಗೆ ದಿನವಿಡೀ ಬಿಸಿಲು ಬೀಳುತ್ತದೆ?